ಐದು ಮೀಟರಿನ ಸರಾಸರಿ

ಇಪ್ಪತ್ತಾರು ವರ್ಷ ನಾನು ಹಗ್ಗ ಸುತ್ತುವ ವಿಂಚ್ ತಿರುಗಿಸಿದೆ, ಅವನು ಗ್ರಾಫ್ ಓದಿದ. ನೆಲದಿಂದ ಕಲ್ಲಿದ್ದಲಿನವರೆಗೆ ಕೊರೆದ ತೂತಿನೊಳಗೆ ಉದ್ದನೆಯ ಉಪಕರಣವೊಂದನ್ನು ಇಳಿಬಿಟ್ಟು, ನಿಧಾನವಾಗಿ ಮೇಲೆಳೆಯುವುದು ನಮ್ಮ ಕೆಲಸ. ಅದು ಬಂಡೆಯೊಳಕ್ಕೆ ಶಬ್ದ ಕಳಿಸುತ್ತದೆ. ಗಟ್ಟಿ ಕಲ್ಲಿನಲ್ಲಿ ಶಬ್ದ ಓಡುತ್ತದೆ, ಮೆತ್ತನೆಯದರಲ್ಲಿ ಕಾಲೆಳೆಯುತ್ತದೆ. ಬಂಡೆಯ ನಾಡಿ ಹಿಡಿಯುತ್ತಾನೆಂದು ಗಣಿಯವರೆಲ್ಲ ಅವನನ್ನು ಡಾಕ್ಟರ್ ಎನ್ನುತ್ತಿದ್ದರು. ಔಷಧಿ ಬರೆಯುವ ಅಧಿಕಾರ ಮಾತ್ರ ಮ್ಯಾನೇಜರನದು. ಮದುವೆಯಾಗದ ಡಾಕ್ಟರ್ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿದ್ದ. ತಂಗಿಯ ಗಂಡ ಅದೇ ಗಣಿಯೊಳಗೆ, ತಲೆಯ ಮೇಲಿನ ಬಂಡೆ ಕಳಚದಂತೆ ಚಾವಣಿಗೆ ಬೋಲ್ಟ್ ಹೊಡೆಯುವವನು.

ಆ ಸಲ ಕಲ್ಲಿದ್ದಲಿನಿಂದ ಎರಡೂವರೆ ಮೀಟರ್ ಮೇಲೆ ಗ್ರಾಫ್ ದಿಢೀರನೆ ಕುಸಿಯಿತು. ಗೇಣು ದಪ್ಪದ ಮೆತ್ತನೆಯ ಪದರ. ಒಳಗೆ ಹೊಡೆಯುತ್ತಿದ್ದ ಬೋಲ್ಟು ಎರಡೇ ಮೀಟರ್. ಪದರ ಬಿಟ್ಟುಕೊಂಡರೆ ಬೋಲ್ಟಿನ ಸಮೇತ ಚಾವಣಿ ತಲೆಯ ಮೇಲೆ ಬೀಳುತ್ತದೆ.

ಆದರೆ ಕಚೇರಿಯ ಫಾರಮ್ಮಿನಲ್ಲಿ ಐದು ಮೀಟರಿಗೆ ಒಂದೇ ಅಂಕಿ, ಅದೂ ಸರಾಸರಿ. ಮೇಲೂ ಗಟ್ಟಿ, ಕೆಳಗೂ ಗಟ್ಟಿ, ನಡುವಿನ ಮೆತ್ತನೆಯದು ಮಂಗಮಾಯ. ಚಾವಣಿ 'ಉತ್ತಮ'.

"ಸಾರ್, ಉದ್ದದ ಬೋಲ್ಟ್ ಬೇಕೇ ಬೇಕು" ಎಂದ ಡಾಕ್ಟರ್.

"ಗೇಣು ಕಲ್ಲಿಗೆ ಕೆಲಸ ನಿಲ್ಲಿಸ್ಬೇಕೇನ್ರೀ? ಸರಾಸರಿ ಬರೆದು ಸಹಿ ಹಾಕಿ" ಎಂದ ಮ್ಯಾನೇಜರ್.

ಡಾಕ್ಟರ್ ಸಹಿ ಹಾಕಿದ. ಅದರ ಕೆಳಗೆ ನಾನೂ ಹಾಕಿದೆ, ಥೂ ನನ್ನ ಜನ್ಮಕ್ಕೆ! ನಿವೃತ್ತಿಗೆ ಇನ್ನೆರಡು ವರ್ಷವಿತ್ತು, ಬಾಯಿಗೆ ಬೀಗ ಬಿತ್ತು.

ಅಂದು ಸಂಜೆಯೇ ಡಾಕ್ಟರ್ ತಂಗಿಯ ಗಂಡನಿಗೆ, "ತಂಗೀನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಒಂದು ವಾರ ರಜೆ ಹಾಕಪ್ಪ" ಎಂದ. ಬಸುರಿ ಹೆಂಡತಿಯ ವಿಷಯ, ಅವನು ರಜೆ ಹಾಕಿದ. ಅವನ ಜಾಗಕ್ಕೆ ಬೇರೆ ಪಾಳಿಯ ಗೆಳೆಯ ಹೋದ.

ನಾಲ್ಕನೆಯ ದಿನ ಚಾವಣಿ ಬಿತ್ತು. ಗೆಳೆಯ ಸತ್ತ. ಸುದ್ದಿ ಕೇಳಿ ಓಡಿಬಂದ ತಂಗಿಯ ಗಂಡ, ಅವಶೇಷ ತೆಗೆಯಲು ಇಳಿದವರ ಜೊತೆ ತಾನೂ ಇಳಿದ. ಬಿದ್ದ ಬಂಡೆಯಲ್ಲಿ ಅವನೇ ಹೊಡೆದಿದ್ದ ಬೋಲ್ಟುಗಳು ಒಂದಿಷ್ಟೂ ಅಲುಗದೆ ಹಾಗೇ ಇದ್ದವು. ಬಂಡೆ ಬೋಲ್ಟಿಗಿಂತ ಮೇಲೆ ಬಿಟ್ಟಿದೆ ಎಂಬುದು ಅವನಿಗೆ ತಕ್ಷಣ ಹೊಳೆಯಿತು. ಅಷ್ಟು ಮೇಲಿನದನ್ನು ನೋಡಬಲ್ಲವರು ಆ ಗಣಿಯಲ್ಲಿ ಇಬ್ಬರೇ.

ನಾನು ಡಾಕ್ಟರನ ಕೋಣೆಯಲ್ಲಿದ್ದಾಗಲೇ ಅವನು ಬಂದ. ಮೈಯೆಲ್ಲ ಮಸಿ.

"ನಿಮಗೆ ಗೊತ್ತಿತ್ತು, ಅಲ್ವಾ ಭಾವ?"

"ನಿನ್ನನ್ನ ಉಳಿಸಿದೆನಲ್ಲಪ್ಪ."

"ಆ ಮಾತು ಅವನ ಹೆಂಡ್ತಿ ಮುಂದೆ ಹೇಳಿ, ಬನ್ನಿ."

ಡಾಕ್ಟರ್ ಕುರ್ಚಿಯಿಂದ ಏಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಂಗಿ ಒಳಗೆ ಬಂದು, ಗೂಟದಲ್ಲಿದ್ದ ಅಣ್ಣನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಚೀಲಕ್ಕೆ ತುಂಬತೊಡಗಿದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ.