ಮೊದ್ಲು ಬಾಣ ಹಾಕ್ರವ್ವಾ

ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ ಬಾಣದ ಹುಚ್ಚು. ಯಾವ ಲೆಕ್ಕ ಕೊಟ್ಟರೂ, "ಮೊದ್ಲು ಬಾಣ ಹಾಕ್ರವ್ವಾ, ಬಲ ಯಾವ ಕಡೀಕೈತೆ ಅಂತ ತಿಳೀಲಿ" ಅನ್ನೋರು. ಒಂದು ಬಾಣ ಮರೆತರೂ ಸೊನ್ನೆ ಸುತ್ತೋರು.

ಪರೀಕ್ಷೆಯ ದಿನ ಕುದೂರಿಂದ ಮಾಗಡಿಗೆ ಹೊರಟ ನಮ್ಮ ಆಟೊ ಕೆಸರಲ್ಲಿ ಹೂತುಕೊಂಡಿತು. ಬೆಲ್ಲಿಗೆ ಹೆಚ್ಚು ಹೊತ್ತಿರಲಿಲ್ಲ. ಜೊತೆಗಿದ್ದ ಮೇಷ್ಟ್ರು ಇಳಿದವರೇ ರಸ್ತೆ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ಮಣ್ಣಲ್ಲೇ ಆಟೊ ಬರೆದರು. ತೂಕಕ್ಕೊಂದು ಬಾಣ, ಘರ್ಷಣೆಗೊಂದು, ಎಂಜಿನ್ನಿಗೊಂದು. ಅಷ್ಟರಲ್ಲಿ ನಾವು ಹುಡುಗೀರೆಲ್ಲ ಪ್ಯಾಂಟು ಮಡಚಿ ಹಿಂದಿನಿಂದ ತಳ್ಳಿದೆವು. ಆಟೊ ಮೇಲೆ ಬಂತು.

ಮೇಷ್ಟ್ರು ತಲೆಯೆತ್ತಿ, "ನೋಡುದ್ರಾ, ಲೆಕ್ಕದಂಗೇ ಬಂದೈತೆ" ಅಂದರು.

"ನಾವು ತಳ್ಳಿದ್ದಕ್ಕೆ ಬಾಣ ಎಲ್ಲೈತೆ ಸಾರ್?" ಅಂದೆ.

ಕೆಸರು ಮೆತ್ತಿದ ನಮ್ಮ ಬಟ್ಟೆಗಳನ್ನೊಮ್ಮೆ, ತಮ್ಮ ಚಿತ್ರವನ್ನೊಮ್ಮೆ ನೋಡಿದರು. "ನಂಗೂ ಸೊನ್ನೆ ಕಣ್ರವ್ವಾ" ಅನ್ನುತ್ತಾ, ಆಟೊಗಿಂತ ಉದ್ದದ ಬಾಣವೊಂದನ್ನು ಎಳೆದೇ ಮೇಲೆದ್ದರು.