ಬಣ್ಣ ಬದಲಾಯಿಸಿಕೊಂಡು ಬಂದ ಕಾಂಟೆಸ್ಸಾ

ಹುಣಸೂರಿನ ಕಲ್ಯಾಣ ಮಂಟಪದಲ್ಲಿ ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಹೊರಗೆ ಬಂದಾಗ ನಾನು ಕಾರು ನಿಲ್ಲಿಸಿದ್ದ ಜಾಗದಲ್ಲಿ ಒಂದು ಗೂಡ್ಸ್ ಆಟೋ ನಿಂತಿತ್ತು. ಅದಕ್ಕೆ ಬಾಡಿಗೆ ಕುರ್ಚಿ ತುಂಬುತ್ತಿದ್ದರು. ನಾನೇ ಜಾಗ ಮರೆತಿರಬೇಕು ಅಂದುಕೊಂಡು ಮಂಟಪದ ಸುತ್ತ ಹೋಗಿ ಬಂದೆ. ರಸ್ತೆಯ ಆಚೆ ಬದಿಯಲ್ಲೂ ನೋಡಿದೆ. ತಿರುಗಿ ಆಟೋದ ಹತ್ತಿರವೇ ಬಂದು ನಿಂತೆ. ಮಟಮಟ ಮಧ್ಯಾಹ್ನ, ಒಳಗೆ ಓಲಗ ಇನ್ನೂ ನಿಂತಿರಲಿಲ್ಲ.

ಅದು ಕಡುನೀಲಿ ಬಣ್ಣದ ಹಳೇ ಕಾಂಟೆಸ್ಸಾ. ಕೊಪ್ಪದ ಹತ್ತಿರದ ತೋಟವೊಂದರ ಶೆಡ್ಡಿನಲ್ಲಿ, ಹಿಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದಾಗ ಅದನ್ನು ನೋಡಿ ಮನಸೋತು ತಂದಿದ್ದೆ. ನಾನು ಪಿರಿಯಾಪಟ್ಟಣದಲ್ಲಿ ಹೈಸ್ಕೂಲು ಟೀಚರು. ಒಂದೊಂದು ಬೇಸಿಗೆ ರಜಕ್ಕೆ ಒಂದೊಂದು ರಿಪೇರಿ ಮಾಡಿಸಿಕೊಂಡು ಬಂದೆ. ಬಾಗಿಲಿನ ರಬ್ಬರು, ದೀಪದ ಗಾಜು ಅಂತ ಮೈಸೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕಾಡಿದ್ದಕ್ಕೆ ಲೆಕ್ಕವಿಲ್ಲ. ತಂಬಾಕು ಬೆಳೆಯುವ ನನ್ನ ಗಂಡ ಅದನ್ನು "ಹಾಲು ಕೊಡದ ಎಮ್ಮೆ" ಅನ್ನುತ್ತಿದ್ದರು. ಆದರೆ ಭಾನುವಾರ ಅದನ್ನು ತೊಳೆಯಲು ಬಕೆಟ್ಟು ತರುತ್ತಿದ್ದವರೂ ಅವರೇ.

ಸ್ಟೇಷನ್ನಿನಲ್ಲಿ ದೂರು ಬರೆದುಕೊಂಡವರು, "ಇಷ್ಟು ಹಳೇ ಗಾಡೀನ ಯಾರು ಮೇಡಂ ಕದೀತಾರೆ? ನಿಮ್ಮೋರೇ ಯಾರಾದ್ರೂ ತಗೊಂಡು ಹೋಗಿರ್ಬೇಕು, ಫೋನ್ ಮಾಡಿ ನೋಡಿ" ಅಂದರು. ಕುಹಕವೇನೂ ಇರಲಿಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದರು. ಹೂಂ ಅಂದು ಬಸ್ಸು ಹತ್ತಿದೆ.

ಆಮೇಲೆ ಶುರುವಾಯಿತು ಅಲೆದಾಟ. ಎಚ್.ಡಿ. ಕೋಟೆ ಕಡೆ ಹಿನ್ನೀರಿನ ಹತ್ತಿರ ಯಾರೋ ಬಿಟ್ಟುಹೋದ ನೀಲಿ ಕಾರಿದೆ, ಬಂದು ಗುರುತು ಹಿಡಿಯಿರಿ ಅಂತ ಸ್ಟೇಷನ್ನಿನಿಂದ ಫೋನ್ ಬಂತು. ಶಾಲೆಗೆ ರಜೆ ಹಾಕಿ ಬಸ್ಸು ಬದಲಿಸಿಕೊಂಡು ಹೋದೆ. ಅದು ಬೇರೆ ಯಾವುದೋ ಗಾಡಿ, ನೀಲಿಯೂ ಅಲ್ಲ, ಬೂದು. ಇನ್ನೊಮ್ಮೆ ಕೆ.ಆರ್. ನಗರದ ಗುಜರಿಯಲ್ಲಿ ಕಾಂಟೆಸ್ಸಾದ ಬಾನೆಟ್ಟೊಂದು ಸಿಕ್ಕಿದೆ ಅಂದರು. ಅದರ ಮೇಲೆ ಕೈಯಾಡಿಸಿ ನೋಡಿ "ನಂದಲ್ಲ" ಅಂದೆ. ಹಾಗೆ ಹೇಳುವಾಗ ಸಮಾಧಾನವಾಯಿತೋ ಬೇಸರವಾಯಿತೋ ನನಗೇ ತಿಳಿಯಲಿಲ್ಲ. ವಾಪಸ್ಸು ಬಂದ ಸಂಜೆ ಗಂಡ ಕಾಫಿ ಕೊಟ್ಟು, "ಬುಡು ಅತ್ಲಾಗೆ. ಸತ್ತೋಯ್ತು ಅಂದ್ಕೊ ಕಣಮ್ಮಿ" ಅಂದರು. ಅಂದುಕೊಳ್ಳಲು ನೋಡಿದೆ. ಆದರೆ ಸತ್ತದ್ದರ ಗುರುತು ಹಿಡಿಯಲು ಯಾರೂ ಪದೇ ಪದೇ ಕರೆಯುವುದಿಲ್ಲವಲ್ಲ.

ಮಳೆಗಾಲ ಕಳೆದ ಮೇಲೆ ಕಾರು ಸಿಕ್ಕಿತು. ಬೆಟ್ಟದಪುರದ ಹತ್ತಿರದ ಹಳ್ಳಿಯ ಒಬ್ಬ ಮುದುಕ ಅದನ್ನು ಕೊಂಡು, ಕಾಗದಪತ್ರ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ತಾನೇ ಆರ್‌ಟಿಒ ಆಫೀಸಿಗೆ ಹೋಗಿದ್ದನಂತೆ. ಛಾಸಿ ನಂಬರು ನೋಡಿದಾಗ ಕಳವಾದ ಗಾಡಿ ಅಂತ ಗೊತ್ತಾಯಿತು. ನಾನು ಹೋದಾಗ ಕಾರು ಸ್ಟೇಷನ್ ಮುಂದೆ ನಿಂತಿತ್ತು, ಹಾಲಿನಂಥ ಬಿಳಿ ಬಣ್ಣ ಬಳಿದುಕೊಂಡು. ಪಕ್ಕದ ಬೆಂಚಿನಲ್ಲಿ ಆ ಮುದುಕ ಯಜಮಾನರು, ಹೆಗಲ ಮೇಲಿನ ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದರು.

ಕಾರಿನ ಜೊತೆ ಸಿಕ್ಕಿದವರನ್ನು ಏನೇನು ಅನ್ನಬೇಕು ಅಂತ ತಿಂಗಳುಗಟ್ಟಲೆ ಬಸ್ಸಿನಲ್ಲಿ ಕೂತು ಯೋಚಿಸಿದ್ದೆ. ಅವರೇ ಎದ್ದು ನಿಂತರು.

"ನಿಮ್ದಾ ತಾಯಿ ಇದು?"

"ಹೂಂ."

"ನಂಗೊತ್ತಿರ್ನಿಲ್ಲ ಕಣವ್ವ. ಮಾರ್ದೋನು, ನಮ್ಮ ದೊಡ್ಡಪ್ಪನ ಗಾಡಿ, ಅವ್ರು ಓಗ್ಬುಟ್ರು, ಕಾಗ್ದ ಆಮೇಲೆ ಕೊಡ್ತೀನಿ ಅಂದ. ನಂಬ್ಬುಟ್ಟೆ."

ವಯಸ್ಸಿನಲ್ಲಿದ್ದಾಗ ಅವರು ಕೊಡಗಿನ ಕಾಫಿ ತೋಟದ ಸಾಹುಕಾರರೊಬ್ಬರ ಡ್ರೈವರಾಗಿದ್ದರಂತೆ. ಆ ಸಾಹುಕಾರರದೂ ಕಾಂಟೆಸ್ಸಾ, ಬಿಳಿಯದು. ಅದಕ್ಕೇ ಈ ಬಣ್ಣ. "ಸೆಕೆಂಡ್ ಗೇರು ಕಚ್ಕೊಳ್ತಿತ್ತು, ಸರಿ ಮಾಡಿಸಿವ್ನಿ. ಈಗ ಬೆಣ್ಣೆ ಅಂಗೆ ಬೀಳ್ತದೆ" ಅಂದರು. ಆ ಗೇರಿನ ಜೊತೆ ನಾನು ಎಷ್ಟೋ ವರ್ಷ ಗುದ್ದಾಡಿದ್ದೆ. ಅವರನ್ನು ಕೂರಲು ಹೇಳಿ ಅದೇ ಬೆಂಚಿನ ಮೇಲೆ ಅವರ ಪಕ್ಕ ಕೂತುಬಿಟ್ಟೆ.

ಕೋರ್ಟು ಕಾರನ್ನು ನನ್ನ ವಶಕ್ಕೆ ಕೊಟ್ಟಿತು, ಆದರೆ ಷರತ್ತಿನ ಮೇಲೆ. ಕೇಸು ಮುಗಿಯುವವರೆಗೆ ಮಾರಬಾರದು, ಬಣ್ಣ ಬದಲಿಸಬಾರದು, ಕರೆದಾಗ ತಂದು ತೋರಿಸಬೇಕು. ಹಾಗಾಗಿ ನನ್ನ ನೀಲಿ ಕಾರು ಬಿಳಿಯಾಗಿಯೇ ಮನೆಗೆ ಬಂತು. ಗಂಡ ಗೇಟಿನಲ್ಲಿ ನಿಂತು ಬಹಳ ಹೊತ್ತು ನೋಡಿ, "ಯಾರ್ದೋ ಮನೆ ಗಾಡಿ ಬಂದಂಗದೆ" ಅಂದರು. ನನಗೂ ಹಾಗೇ ಅನಿಸುತ್ತಿತ್ತು. ಒಳಗೆ ನನಗೆ ಗೊತ್ತಿಲ್ಲದ ಊದುಬತ್ತಿಯ ವಾಸನೆ. ಭಾನುವಾರ ತೊಳೆಯುವುದನ್ನು ಬಿಟ್ಟುಬಿಟ್ಟೆ. ಕೋರ್ಟಿಗೆ ತಂದು ತೋರಿಸಬೇಕಾದ ದಿನ ಬಿಟ್ಟರೆ ಬೇರೆ ಕಡೆಗೆಲ್ಲ ಬಸ್ಸಿನಲ್ಲೇ ಹೋಗುತ್ತಿದ್ದೆ. ಅಭ್ಯಾಸವಾಗಿಬಿಟ್ಟಿತ್ತು.

ಕದ್ದವನು ಸಿಕ್ಕಿ, ಜಾಮೀನಿನ ಮೇಲೆ ಹೊರಗೂ ಬಂದ. ಆಮೇಲೆ ಕೋರ್ಟಿನ ಕಡೆ ಸುಳಿಯಲಿಲ್ಲ. ಸಾಕ್ಷಿ ಹೇಳಬೇಕಾದ ನಾನೂ ಆ ಯಜಮಾನರೂ ಮಾತ್ರ ಹುಣಸೂರಿಗೆ ತಪ್ಪದೆ ಹೋಗುತ್ತಿದ್ದೆವು. ಹೊರಗಿನ ಕಟ್ಟೆಯ ಮೇಲೆ ಕೂತು ಕರೆಯಲಿ ಅಂತ ಕಾಯುತ್ತಿದ್ದೆವು. ಟೀ ತರಿಸಿಕೊಂಡು ಕುಡಿಯುತ್ತಿದ್ದೆವು. ಅವರು ಒಮ್ಮೆ ಅವರೆಕಾಯಿ ತಂದುಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಇಣುಕಿ ಬಂದು, "ಇವತ್ತೂ ಇಲ್ವಂತೆ ಕಣವ್ವ" ಅನ್ನುತ್ತಿದ್ದರು. ಮುಂದಿನ ತಾರೀಕು ಕೇಳಿಕೊಂಡು ಅವರು ಬಸ್ ಸ್ಟ್ಯಾಂಡಿಗೆ, ನಾನು ಕಾರಿಗೆ. ನನಗೆ ಕಾರು ವಾಪಸ್ಸು ಬಂದಿತ್ತು, ಅವರಿಗೆ ಕಾರಿನ ಜೊತೆ ಕೊಟ್ಟ ದುಡ್ಡೂ ಹೋಗಿತ್ತು. ಅದರ ಬಗ್ಗೆ ಅವರು ಒಂದು ದಿನವೂ ಬಾಯಿಬಿಡಲಿಲ್ಲ.

ಹೋದ ಸಲ ಪರೀಕ್ಷೆಯ ಪೇಪರುಗಳನ್ನು ತಿದ್ದಿ ತಿದ್ದಿ ನನಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕೇಸು ಮತ್ತೆ ಮುಂದಕ್ಕೆ ಹೋಗಿತ್ತು. ಅವರು ಬಸ್ಸಿಗೆ ಹೊರಟರು.

"ಯಜಮಾನ್ರೇ, ಬನ್ನಿ. ಬೆಟ್ಟದಪುರದ ಮೇಲೇ ಹೋಗ್ತೀನಿ" ಅಂದೆ.

ಅವರು ಹಿಂದಿನ ಬಾಗಿಲು ತೆಗೆಯಲು ಹೋದರು. ನಾನು ಬೀಗದ ಕೈ ಚಾಚಿದೆ. "ನೀವೇ ಓಡ್ಸಿ. ನನ್ನ ಕೈಲಾಗಲ್ಲ."

ಅವರು ನನ್ನ ಮುಖ ನೋಡಿದರು. "ಬ್ಯಾಡ ಕಣವ್ವ, ಯಾರಾದ್ರೂ ಏನಾದ್ರೂ ಅಂದಾರು."

"ಯಾರೂ ಅನ್ನಲ್ಲ, ಬನ್ನಿ."

ಚಪ್ಪಲಿ ಬಿಟ್ಟು, ಅದನ್ನು ಸೀಟಿನ ಕೆಳಗೆ ಸರಿಸಿ ಕೂತರು. ನಾನು ಪಕ್ಕದಲ್ಲಿ ಕೂತೆ. ಅಷ್ಟು ವರ್ಷಗಳಲ್ಲಿ ಆ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಊರು ದಾಟುವ ಮುಂಚೆಯೇ ನಿದ್ದೆ ಬಂದಿತ್ತು. ಎಚ್ಚರವಾದಾಗ ಕಾರು ಅವರ ಮನೆಯ ಮುಂದೆ ಹೊಂಗೆ ನೆರಳಿನಲ್ಲಿ ನಿಂತಿತ್ತು. ಇಂಜಿನ್ನು ತಣ್ಣಗಾಗಿತ್ತು. ಅವರು ಜಗುಲಿಯ ಮೇಲೆ ಕೂತು, ನಾನು ಏಳುವುದನ್ನು ಕಾಯುತ್ತಿದ್ದರು.