ಅತ್ತೆ ಬರೆಸಿದ ಹೆರಿಗೆಯ ತಾರೀಖು

ತಾಯಿ ಕಾರ್ಡಿನಲ್ಲಿ ಬರೆಯುವ ಹೆರಿಗೆಯ ದಿನ ಬರೀ ಅಂದಾಜು ಎಂದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ಸಿಟ್ಟು ತಪ್ಪುತ್ತಿತ್ತು. ಯಾರೂ ಹೇಳಲಿಲ್ಲ. ಆ ತಾರೀಖನ್ನು ಎಲ್ಲರೂ ಮದುವೆಯ ಮುಹೂರ್ತದಂತೆ ಹಿಡಿದುಕೊಂಡು ಕುಳಿತರು. ಅದು ತಪ್ಪು, ಪೂರಾ ಒಂದು ತಿಂಗಳು ತಪ್ಪು ಎನ್ನುವುದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು.

ನನ್ನ ಗಂಡನ ಮನೆ ಹಿರೇಕೆರೂರು ತಾಲ್ಲೂಕಿನಲ್ಲಿ, ಅಬಲೂರಿನ ಕಡೆಯ ಒಂದು ಹಳ್ಳಿ. ಆ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹೊರಗಿನ ಕೋಣೆಯಲ್ಲಿ ಕೂರಬೇಕು, ಒಲೆ ಮುಟ್ಟುವಂತಿಲ್ಲ. ಬಿ.ಎ. ಮಾಡಿದವಳೆಂದು ನನಗೇನೂ ವಿನಾಯಿತಿ ಇರಲಿಲ್ಲ. ಮದುವೆಯಾದ ವರ್ಷ ಶೀಗಿ ಹುಣ್ಣಿಮೆಯ ಬೆಳಿಗ್ಗೆಯೇ ನಾನು ಮುಟ್ಟಾದೆ. ಭೂಮಿತಾಯಿ ಬಸುರಿ ಎಂದು ಬಯಕೆಯ ಅಡುಗೆ ಮಾಡಿ, ಹೊಲಕ್ಕೆ ಒಯ್ದು ಬೆಳೆಯ ನಡುವೆ ಭೂಮಿಗೆ ನೈವೇದ್ಯವಾಗಿ ಚರಗ ಚೆಲ್ಲುವ ದಿನ ಅದು. ಅತ್ತೆಗೆ ಮೊಣಕಾಲು ಬಾತು ನಿಲ್ಲಲಿಕ್ಕೂ ಆಗುತ್ತಿರಲಿಲ್ಲ. ಮನೆಯಲ್ಲಿ ಮತ್ತೊಬ್ಬ ಹೆಂಗಸಿಲ್ಲ. ಅಷ್ಟು ಜನಕ್ಕೆ ಹೋಳಿಗೆ, ಕಡುಬು, ಪುಂಡಿಪಲ್ಯ ಯಾರು ಮಾಡಬೇಕು? ನಾನು ಬಾಯಿ ಮುಚ್ಚಿಕೊಂಡು ಸ್ನಾನ ಮಾಡಿ ಒಲೆ ಹಚ್ಚಿದೆ, ಬುಟ್ಟಿ ಹೊತ್ತು ಹೊಲಕ್ಕೂ ಹೋದೆ. ಒಮ್ಮೆ ಮುಚ್ಚಿಟ್ಟ ಮೇಲೆ ಮರುದಿನ ಹೊರಗೆ ಕೂರುವುದು ಹೇಗೆ? ಆ ತಿಂಗಳು ಕೂರಲೇ ಇಲ್ಲ.

ಅತ್ತೆ ನನ್ನ ಮುಟ್ಟಿನ ದಿನಗಳನ್ನು ನನಗಿಂತ ಚೆನ್ನಾಗಿ ನೆನಪಿಟ್ಟಿದ್ದರು. ನಾನು ಹೊರಗೆ ಕೂರದ್ದನ್ನು ನೋಡಿ, ಸೊಸೆ ಬಸುರಿ ಎಂದು ಅವರೇ ತೀರ್ಮಾನ ಮಾಡಿಬಿಟ್ಟರು. ಮುಂದಿನ ತಿಂಗಳು ಮುಟ್ಟು ನಿಜವಾಗಿಯೂ ನಿಂತಿತು. ಆಶಾ ಕಾರ್ಯಕರ್ತೆ ಬಂದು ನಡುಮನೆಯಲ್ಲಿ ಎಲ್ಲರ ಎದುರು ಕೇಳಿದಳು: "ಕಡೀ ಸಲ ಮುಟ್ಟಾಗಿದ್ದು ಯಾವಾಗ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು. "ಜೋಕುಮಾರನ ಹುಣ್ಣಿವಿ ದಿನಾ ಹೊರಗ ಕುಂತಿದ್ಲು ನೋಡ್ರಿ. ಆಮ್ಯಾಲೆ ಕುಂತಿಲ್ಲ."

ಜೋಕುಮಾರನ ಹುಣ್ಣಿಮೆ ಎಂದರೆ ಶೀಗಿ ಹುಣ್ಣಿಮೆಗೆ ಒಂದು ತಿಂಗಳು ಮುಂಚೆ. ಆಶಾ ಕಾರ್ಯಕರ್ತೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ಹುಣ್ಣಿಮೆ ಹುಡುಕಿ, ಅಲ್ಲಿಂದ ಒಂಬತ್ತು ತಿಂಗಳು ಏಳು ದಿನ ಎಣಿಸಿ ಕಾರ್ಡಿನಲ್ಲಿ ಹೆರಿಗೆಯ ದಿನ ಬರೆದಳು. ಹೊಟ್ಟೆ ನನ್ನದು, ಮುಟ್ಟು ನನ್ನದು, ನನ್ನನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಆಗಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಆ ವರ್ಷ ನಮ್ಮ ಹತ್ತಿಗೆ ಕಾಯಿ ಕೊರೆಯುವ ಹುಳ ಬಿದ್ದಿತ್ತು. "ಹುಣ್ಣಿವಿ ದಿನಾ ಯಾರೋ ಮೈಲಿಗಿ ಮಾಡ್ಯಾರ" ಎಂದು ಅತ್ತೆ ಕಂಡಕಂಡವರಿಗೆ ಹೇಳುತ್ತಿದ್ದರು. ಅಂಥವರ ಮುಂದೆ ಹೇಗೆ ಬಾಯಿ ಬಿಡಲಿ? ಗಂಡನಿಗೆ ಹೇಳಿದೆ. "ತಾರೀಖಿನ್ಯಾಗ ಏನೈತಿ, ಸುಮ್ನಿರು" ಎಂದ. ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಹಡದು ಎದ್ದು ಕುಂಡ್ರೂತನಾ ಬಾಯಿ ಬಿಡಬ್ಯಾಡ ಯವ್ವಾ" ಎಂದಳು. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳಿದರಂತೆ!

ಕಾರ್ಡಿನ ಪ್ರಕಾರ ಏಳು ತಿಂಗಳು ತುಂಬಿದಾಗ ಮೊದಲ ಸಲ ಸ್ಕ್ಯಾನಿಂಗ್ ಆಯಿತು. ಕೂಸು ಆರು ತಿಂಗಳಿನಷ್ಟೇ ಇದೆ ಎಂದು ಮಷೀನು ತೋರಿಸಿತು. ಪಾಪ, ಅದು ಸರಿಯಾಗಿಯೇ ಹೇಳಿತ್ತು. ಆದರೆ ಕಾರ್ಡು ತಪ್ಪಿರಬಹುದು ಎಂದು ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಕೂಸು ಬೆಳೆದಿಲ್ಲ, ತಾಯಿ ಸರಿಯಾಗಿ ಉಣ್ಣುತ್ತಿಲ್ಲ ಎಂದರು. ಅವತ್ತಿನಿಂದ ಅತ್ತೆ ಎದುರಿಗೇ ಕುಳಿತು, ಹೊಟ್ಟೆ ತುಂಬಿದ ಮೇಲೂ ಎರಡು ರೊಟ್ಟಿ ಹಾಕಿ ಉಣ್ಣಿಸಿದರು. ವಾಂತಿಯಾದರೆ ಬೈಗುಳ. ಕೂಸನ್ನು ಉಪವಾಸ ಕೆಡವಿದವಳು ಎಂಬ ಹೆಸರು ಬಂತು.

ಸೀಮಂತದ ಕುಬಸ ಮುಗಿಸಿ ಸವಣೂರಿನ ತವರಿಗೆ ಕಳಿಸಿದರು. ಕಾರ್ಡಿನ ದಿನಕ್ಕೆ ಇನ್ನೂ ಹನ್ನೆರಡು ದಿನ ಇರುವಾಗ ತಪಾಸಣೆಗೆಂದು ಆಸ್ಪತ್ರೆಗೆ ಹೋದೆವು. ಬಿತ್ತನೆ ಬಿಟ್ಟು ಅತ್ತೆಯೂ ಬಂದಿದ್ದರು. ಡಾಕ್ಟರಮ್ಮ ಹೊಟ್ಟೆ ಅಳೆದು ಮುಖ ಗಂಟಿಕ್ಕಿದರು.

"ಕೂಸು ಭಾಳ ಸಣ್ಣದೈತಿ. ಒಳಗ ಬೆಳಿಯಾಕತ್ತಿಲ್ಲ. ಹೆಂಗೂ ದಿನ ತುಂಬ್ಯಾವು, ನಾಳೆ ಮುಂಜಾನೆ ಆಪರೇಷನ್ ಮಾಡಿ ತಗದುಬಿಡೂಣು."

ನರ್ಸು ಸಹಿಗೆಂದು ಕಾಗದ ತಂದಳು. ಅತ್ತೆ ಕಣ್ಣು ಮುಚ್ಚಿ ದೇವರಿಗೆ ಕೈಮುಗಿದರು. ಅವ್ವ ನನ್ನ ಭುಜ ಒತ್ತಿದಳು, ಮಾತಾಡಬೇಡ ಎಂದು. ಎಂಟು ತಿಂಗಳೂ ತುಂಬದ ಕೂಸನ್ನು ನಾಳೆ ಹೊರಗೆಳೆಯುತ್ತಾರೆ. ಅದು ಉಸಿರಾಡಲಾರದೆ ಒದ್ದಾಡಿದರೂ ಇವರೆಲ್ಲ ಹಣೆಬರಹ ಎನ್ನುತ್ತಾರೆ. ನನಗೆ ಎಲ್ಲಿತ್ತೋ ಸಿಟ್ಟು, ಕಾಗದವನ್ನು ಮೇಜಿನ ಮೇಲೆ ಬಡಿದೆ.

"ಸಹಿ ಮಾಡಂಗಿಲ್ರಿ ನಾ. ಕಾರ್ಡಿನ್ಯಾಗಿಂದು ತಪ್ಪು ತಾರೀಖು. ನಾ ಕಡೀ ಸಲ ಮುಟ್ಟಾಗಿದ್ದು ಶೀಗಿ ಹುಣ್ಣಿವಿ ದಿನಾ. ಮುಟ್ಟಿನ್ಯಾಗ ಅಡಗಿ ಮಾಡೇನಿ, ಚರಗಾನೂ ಹೊತ್ತೇನಿ."

ಡಾಕ್ಟರಮ್ಮನಿಗೂ ಸಿಟ್ಟು ಬಂತು. "ಇಷ್ಟ ದಿನ ಯಾಕ ಹೇಳ್ಲಿಲ್ಲ ನೀ?"

"ಇಷ್ಟ ದಿನ ನನ್ನ ಯಾರು ಕೇಳಿದ್ರಿ?"

ಅವರು ಹಳೆಯ ಸ್ಕ್ಯಾನಿಂಗ್ ವರದಿ ತೆಗೆದು ಹೊಸ ತಾರೀಖಿನಿಂದ ವಾರ ಎಣಿಸಿದರು. ತಾಳೆಯಾಯಿತು. ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಕೂಸಿನ ಎದೆಬಡಿತ ನೋಡಿ, ಆಪರೇಷನ್ ಬೇಡವೆಂದರು. ಮೂರು ತಿಂಗಳೊಳಗೆ ಸ್ಕ್ಯಾನ್ ಆಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತಂತೆ. ದಿನ ಕಳೆದಷ್ಟೂ ಮಷೀನಿನ ಲೆಕ್ಕವೂ ಎರಡು ಮೂರು ವಾರ ಹಿಂದೆಮುಂದೆ ಆಗುತ್ತದಂತೆ. ಇಷ್ಟು ಸಣ್ಣ ವಿಷಯವನ್ನು ಒಬ್ಬರಾದರೂ ಮುಂಚೆ ಹೇಳಬಾರದಿತ್ತೇ?

ಅತ್ತೆ ನನ್ನ ಜೊತೆ ಒಂದು ಮಾತೂ ಆಡದೆ ಮರುದಿನದ ಮೊದಲ ಬಸ್ಸಿಗೆ ಹೊರಟುಹೋದರು. ಕಾರ್ಡಿನ ತಾರೀಖು ಬಂತು, ಹೋಯಿತು. ಹಾನಗಲ್ಲಿನಿಂದ ನಾದಿನಿ, ಶಿಗ್ಗಾಂವಿಯಿಂದ ಚಿಕ್ಕಮ್ಮ ಫೋನು ಮಾಡಿ ಮಾಡಿ ಕೇಳಿದರು: "ಇನ್ನಾ ಆಗಿಲ್ಲೇನ?" ನಾನು ಫೋನನ್ನೇ ಆಫ್ ಮಾಡಿದೆ. ಒಂದು ವಾರ, ಎರಡು ವಾರ. ಒಂದೊಂದು ದಿನ ನನಗೇ ದಿಗಿಲಾಗುತ್ತಿತ್ತು, ನನ್ನ ಹಟಕ್ಕೆ ಕೂಸಿಗೇನಾದರೂ ಆದರೆ ಎಂದು. ಕೊನೆಗೆ ಕಾರ್ಡಿನ ದಿನ ಕಳೆದು ಮೂರು ವಾರಕ್ಕೆ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು, ಮೈಕೈ ತುಂಬಿಕೊಂಡಿದ್ದಳು. ನಾನು ಹೇಳಿದ ಲೆಕ್ಕಕ್ಕಿಂತಲೂ ಅವಳು ಒಂಬತ್ತು ದಿನ ಮುಂಚೆಯೇ ಬಂದಿದ್ದಳು.

ಐದನೆಯ ದಿನ ಅತ್ತೆ ಬಂದರು. ಓಣಿಯ ಹೆಂಗಸರು ಕೂಸು ನೋಡಲು ಬಂದು ಚಹಾ ಕುಡಿಯುತ್ತ ಕುಳಿತಿದ್ದರು. ಅವರ ಮುಂದೆ ಅತ್ತೆ ಏನೂ ಆಗಿಲ್ಲವೆಂಬಂತೆ ಶುರುಮಾಡಿದರು: "ಹತ್ತ ತಿಂಗಳ ಹೊತ್ತಾಳ್ರಿ ನಮ್ಮ ಸೊಸಿ. ಅದಕ್ಕ ಕೂಸು ಇಷ್ಟ ಗಟ್ಟಿ ಐತಿ." ಹೆಂಗಸರು ಹೌದೇನ್ರಿ ಎಂದು ಬೆರಗಾದರು. ಅವ್ವ ಒಳಗಿನಿಂದ ನನಗೆ ಕಣ್ಣಲ್ಲೇ ಬೇಡ ಎಂದಳು. ಸುಮ್ಮನಿದ್ದರೆ ಎಲ್ಲರಿಗೂ ಸುಖವಿತ್ತು.

"ಒಂಬತ್ತ ತಿಂಗಳರಿ" ಎಂದೆ. "ಶೀಗಿ ಹುಣ್ಣಿವಿ ದಿನಾ ನಾ ಮುಟ್ಟಾಗಿದ್ದೆ. ಕಾರ್ಡ ನಂಬಿ ಸಹಿ ಮಾಡಿದ್ರ ಈ ಕೂಸು ಹಿಂಗ ಇರ್ತಿದ್ದಿಲ್ಲ."

ಅತ್ತೆಯ ಮುಖ ಕೆಂಪಾಯಿತು. ಈಗ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಹೋಗಲಿಲ್ಲ. ಎರಡೂ ಕೈ ಚಾಚಿದರು. "ಕೂಸಿನ್ನ ಇತ್ತ ಕೊಡು."

ನಾನು ಕೊಡಲಿಲ್ಲ. "ಎಷ್ಟ ತಿಂಗಳ ಅಂತ ಮೊದಲ ಹೇಳ್ರಿ ಅತ್ತಿ."

ಚಾಚಿದ ಕೈ ಹಾಗೆಯೇ ಇತ್ತು. ಗೋಡೆಯ ಕಡೆ ನೋಡುತ್ತ ಅತ್ತೆ ಹೇಳಿದರು: "ಒಂಬತ್ತ."

ಆಮೇಲೆ ಕೊಟ್ಟೆ.